ಕೂಗಬಾರದ ಕಾಡು

ನಮ್ಮ ಮನೆಯ ಬಚ್ಚಲಲ್ಲಿದ್ದುದು ಒಂದೇ ಟೂತ್‌ಬ್ರಷ್, ಅದು ನನ್ನದು. ಗಂಡ ಶ್ರೀಧರನದು ಅವನ ಜೊತೆಗೇ ವಿಮಾನದಲ್ಲಿ ಓಡಾಡುತ್ತಿತ್ತು. ಅವನ ಆಫೀಸು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ, ನನ್ನದು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ. ಎರಡು ವಾರಕ್ಕೊಮ್ಮೆ ಅವನು ಮೆಲ್ಬರ್ನಿನಂಚಿನ ವಿಂಡಮ್ ವೇಲಿನ ನಮ್ಮ ಮನೆಗೆ ಅತಿಥಿಯಂತೆ ದಯಮಾಡಿಸಿ, ಚಮಚ ಎಲ್ಲಿದೆ ಎಂದು ವಿಚಾರಿಸಿ, ಸೋಮವಾರ ಬೆಳಗಿನ ಫ್ಲೈಟಿಗೆ ಹಾರಿಹೋಗುತ್ತಿದ್ದ. ಇಂಥ ದಾಂಪತ್ಯದಲ್ಲಿ ಜಗಳಕ್ಕೆ ಪುರುಸೊತ್ತೆಲ್ಲಿ ಎನ್ನುವಿರಾದರೆ, ಮಿತ್ರರೇ, ನಿಮಗೆ ಫೋನಿನ ಮಹಿಮೆ ತಿಳಿಯದು. "ಇಲ್ಲಿಗೇ ಬಾ" ಎಂದು ನಾನು, "ಮುಂದಿನ ವರ್ಷ" ಎಂದು ಅವನು. ಹೀಗೆ ನಮ್ಮ ಸಂವಾದ ವರ್ಷಗಟ್ಟಲೆ ಸುಖವಾಗಿ ಸಾಗಿತ್ತು.

ಈ ಚಳಿಗಾಲದಲ್ಲಿ ಅವನಿಗೆ ಏಕಾಏಕಿ ಪ್ರಕೃತಿಪ್ರೇಮ ಉಕ್ಕಿತು. "ರೆಡ್‌ವುಡ್ ಕಾಡಲ್ಲಿ ಸಾಲ್ಮನ್ ಮೀನು ಮೊಟ್ಟೆಯಿಡೋದನ್ನ ತೋರಿಸ್ತಾರಂತೆ. ಗೈಡ್ ಇರ್ತಾರೆ. ಬುಕ್ ಮಾಡಿದೀನಿ," ಎಂದ. ಭಾನುವಾರ ಬಿಸಿಲೇರುವವರೆಗೆ ಕಂಬಳಿಯಿಂದ ಮೂಗನ್ನೂ ಹೊರಹಾಕದ ಮಹಾನುಭಾವ, ಅಂದು ನನಗಿಂತ ಮುಂಚೆ ಎದ್ದು ಫ್ಲಾಸ್ಕಿಗೆ ಕಾಫಿ ತುಂಬಿದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕಾಡೆಂದರೆ, ಹಿಂದೆ ಯಾರೋ ಅಮೆರಿಕದ ರೆಡ್‌ವುಡ್ ಮರದ ಸಸಿಗಳನ್ನು ತಂದು ಸಾಲುಸಾಲಾಗಿ ನೆಟ್ಟ ತೋಪು. ಶಿಸ್ತಿನಲ್ಲಿ ನಮ್ಮ ಬಡಾವಣೆಯ ಮನೆಗಳನ್ನೂ ನಾಚಿಸುವಂಥದು. ಗೈಡ್ ಹೆಲೆನ್ ಎಂಬ ನಗುಮುಖದ ಹೆಂಗಸು ಮೊದಲ ಮಾತಿಗೇ ನಮ್ಮ ಆಸೆಗೆ ತಣ್ಣೀರೆರಚಿದರು: ಇಲ್ಲಿರುವುದು ಸಾಲ್ಮನ್ ಅಲ್ಲ, ಅದರ ದಾಯಾದಿ ಟ್ರೌಟ್. ಎರಡನೆಯ ಮಾತು, ತೊರೆಯ ಬಳಿ ಯಾರೂ ದನಿಯೆತ್ತಬಾರದು, ಮೀನು ಬೆದರುತ್ತದೆ. ಶ್ರೀಧರ ಅಗತ್ಯಕ್ಕಿಂತ ಹೆಚ್ಚು ತಲೆಯಾಡಿಸಿದ.

ತಿಳಿನೀರಿನಲ್ಲಿ ಹೆಣ್ಣು ಮೀನೊಂದು ಮಗ್ಗುಲಾಗಿ, ಬಾಲದಿಂದ ಜಲ್ಲಿಯನ್ನು ಬಡಿದು ಬಡಿದು ಮೊಟ್ಟೆಗಾಗಿ ಕುಳಿ ತೋಡುತ್ತಿತ್ತು. ಗಂಡು ಪಕ್ಕದಲ್ಲಿ ಪರಮ ಗಾಂಭೀರ್ಯದಿಂದ ತೇಲುತ್ತಿತ್ತು. ಅದರ ಕೆಲಸವೇನೆಂದು ಕೇಳಿದೆ. ಬೇರೆ ಗಂಡುಗಳನ್ನು ಓಡಿಸುವುದು, ಜಲ್ಲಿಯನ್ನು ಮಾತ್ರ ಮುಟ್ಟುವುದಿಲ್ಲ, ಎಂದರು ಹೆಲೆನ್.

"ಪರಿಚಯದ ಮುಖ," ಎಂದೆ ಗಂಡನ ಕಿವಿಯಲ್ಲಿ.

ಅವನು ನಗಲಿಲ್ಲ. "ವಸೂ, ಒಂದು ವಿಷಯ ಹೇಳಬೇಕಿತ್ತು."

"ಸಿಡ್ನಿ ಇನ್ನೊಂದು ವರ್ಷ, ಅಷ್ಟೇ ತಾನೆ?"

"ಕೆಲಸ ಬಿಟ್ಟೆ. ಇಲ್ಲಿಗೇ ಬಂದ್ಬಿಟ್ಟೆ."

"ಇಲ್ಲಿ ಬೇರೆ ಕೆಲಸ ಸಿಕ್ತಾ?"

"ಇಲ್ಲ."

ಕಿರುಚಲು ಬಾಯಿ ತೆರೆದೆ. ಹೆಲೆನ್ ತುಟಿಗೆ ಬೆರಳಿಟ್ಟರು. ಜಗತ್ತಿನಲ್ಲಿ ಪಿಸುಮಾತಿನಲ್ಲಿ ಗಂಡನನ್ನು ಬೈಯುವುದಕ್ಕಿಂತ ಕಠಿಣವಾದ ತಪಸ್ಸಿಲ್ಲ.

"ಕೂಗೋ ಹಾಗಿಲ್ಲ ಅಂತಾನೇ ಇಲ್ಲಿಗೆ ಕರ್ಕೊಂಡು ಬಂದ್ಯಾ?"

"ಹೂಂ," ಎಂದ, ತಪ್ಪು ಮಾಡಿದ ಹುಡುಗನ ಹಾಗೆ. "ಖುಷಿ ಇಲ್ವಾ ನಿಂಗೆ?"

ಖುಷಿ! ವರ್ಷಗಟ್ಟಲೆ ಬೇಡಿದ ವರ ಎದುರಿಗೆ ಬಂದು ನಿಂತಾಗ ನನಗಾದದ್ದು, ನಿಜ ಹೇಳುತ್ತೇನೆ, ದಿಗಿಲು. ಇಡೀ ಹಾಸಿಗೆ, ಇಡೀ ಸೋಫಾ, ಬೇಕೆಂದಾಗ ಬರೀ ಮೊಸರನ್ನ ಉಣ್ಣುವ ಸ್ವಾತಂತ್ರ್ಯ, ಎಲ್ಲಕ್ಕೂ ಎಷ್ಟು ಒಗ್ಗಿಹೋಗಿದ್ದೆನೆಂದರೆ, 'ಬಾ' ಎಂದು ಕರೆಯುವುದೇ ನನಗೊಂದು ನೆಮ್ಮದಿಯ ಅಭ್ಯಾಸವಾಗಿತ್ತು. ಅವನು ಬಂದೇ ಬಿಡುತ್ತಾನೆಂದು ಯಾರು ತಿಳಿದಿದ್ದರು? ಅವನ ಮುಖ ನೋಡಿದೆ. ಅವನಿಗೂ ದಿಗಿಲೇ.

"ಕೆಲಸ ಇಲ್ಲ ಅಂತ ಯಾರು ಹೇಳಿದ್ದು?" ಎಂದೆ ಮೆಲ್ಲಗೆ. "ಬುಧವಾರ ಸಂಜೆ ಕಸದ ಬಿನ್ನುಗಳನ್ನ ರಸ್ತೆಗೆ ಎಳ್ಕೊಂಡು ಹೋಗಿ ಇಡಬೇಕು. ಈ ವಾರದಿಂದ ಅದು ನಿಂದು."

ಅವನು ನನ್ನ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಲಿಲ್ಲ; ಚಳಿಯಿತ್ತು, ಅಷ್ಟೇ.