ಕಬ್ಬಿಣವಿಲ್ಲದ ಬೂಟು

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿಮಾತಿಗೆ ಎಲ್ಲರಿಗೂ ಅವನು ಕೋಲಣ್ಣ. ಕೈಯಲ್ಲಿ ಸದಾ ಮೀಟರ್ ಉದ್ದದ ಕೋಲಿನಂಥ ಯಂತ್ರ. ಅದರ ಒಂದು ತುದಿಯ ಸುರುಳಿ ನೆಲದೊಳಗೆ ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತದೆ, ಇನ್ನೊಂದು ತುದಿಯದು ನೆಲದ ಉತ್ತರವನ್ನು ಕೇಳಿಸಿಕೊಳ್ಳುತ್ತದೆ. ಉಪ್ಪು, ಜೇಡಿ, ತೇವ ಇದ್ದಲ್ಲಿ ಅಂಕಿ ಏರುತ್ತದೆ. ಒಣ ಮರಳಿದ್ದಲ್ಲಿ ಇಳಿಯುತ್ತದೆ. ಇಪ್ಪತ್ತಾರು ವರ್ಷ ಅವನು ಮಾಡಿದ್ದಿಷ್ಟೇ: ಕೋಲನ್ನು ನೆಲಕ್ಕೆ ಗೇಣೆತ್ತರದಲ್ಲಿ ಹಿಡಿದು ಹೊಲದುದ್ದಕ್ಕೂ ನೇರ ನಡೆಯುವುದು, ತಿರುಗಿ ಬರುವುದು. ನಡೆದದ್ದನ್ನೆಲ್ಲ ಕೂಡಿಸಿದ್ದರೆ ಭೂಮಿಗೇ ಒಂದು ಸುತ್ತು ಹಾಕಬಹುದಿತ್ತು. ಪುಣ್ಯಾತ್ಮ ಪ್ರತಿ ಸಂಜೆ ಬಂದು ಸೇರಿದ್ದು ಮಾತ್ರ ಅದೇ ಎರಡು ಕೋಣೆಯ ಮನೆಗೆ.

ಈ ಯಂತ್ರಕ್ಕೆ ಕಬ್ಬಿಣ ಕಂಡರಾಗದು. ಹತ್ತಿರ ಕಬ್ಬಿಣವಿದ್ದರೆ ಮಣ್ಣನ್ನು ಬಿಟ್ಟು ಅದರ ಮಾತನ್ನೇ ಕೇಳುತ್ತದೆ. ಅದಕ್ಕೇ ಹೊಲಕ್ಕಿಳಿಯುವ ಮುಂಚೆ ಕೋಲಣ್ಣ ಗಡಿಯಾರ, ಬೀಗದ ಕೈ, ಬೆಲ್ಟು, ಫೋನು ಎಲ್ಲವನ್ನೂ ಜೀಪಿನಲ್ಲಿಡುತ್ತಿದ್ದ.

"ಹಲ್ಲಿನ ಕ್ಯಾಪು ಬಾಕಿ ಇದೆಯಲ್ಲೋ ಮಾರಾಯ," ಎಂದು ಡ್ರೈವರ್ ಛೇಡಿಸುತ್ತಿದ್ದ.

ಮೊದಲ ವರ್ಷದ ಒಂದು ಹೊಲ ಬಿಟ್ಟರೆ ಬೇರೆ ಯಾವುದನ್ನೂ ಎರಡನೇ ಸಲ ಅಳೆದವನಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ.

ನಿವೃತ್ತಿಗೆ ನಾಲ್ಕು ದಿನವಿರುವಾಗ ಅದಕ್ಕೂ ಕುತ್ತು ಬಂತು. ಕೊನೆಯ ಹೊಲದ ಮೊದಲ ಸಾಲಿನಲ್ಲೇ ಅಂಕಿ ಹೆಜ್ಜೆಹೆಜ್ಜೆಗೂ ಕುಣಿಯಿತು. ನಲವತ್ತು, ತೊಂಬತ್ತು, ಮತ್ತೆ ನಲವತ್ತು.

"ಯಂತ್ರಕ್ಕೆ ವಯಸ್ಸಾಯ್ತು ಕೋಲಣ್ಣ," ಎಂದಳು ಜೊತೆಗೆ ಬಂದಿದ್ದ ಹೊಸ ಮೇಡಂ. "ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಗುಜರಿಗೆ ಅಂತ ಬರೆದುಬಿಡ್ತೀನಿ."

"ಯಂತ್ರಕ್ಕಾ ಮೇಡಂ, ನನಗಾ?"

ಆ ಹುಡುಗಿ ನಾಲಿಗೆ ಕಚ್ಚಿಕೊಂಡಳು. ನಗುತ್ತಲೇ ಕೇಳಿದ್ದನಾದರೂ ಕೋಲಣ್ಣನಿಗೆ ಒಳಗೊಳಗೇ ಹೆದರಿಕೆಯಾಗಿತ್ತು. ಕೈ ನಡುಗುತ್ತಿದೆಯೇ? ಕೊನೆಯ ಹೊಲವನ್ನೇ ಕೆಡಿಸಿ ಮನೆಗೆ ಹೋಗುವುದು ಹಣೆಯಲ್ಲಿ ಬರೆದಿದೆಯೇ? ಜೇಬುಗಳನ್ನು ಎರಡೆರಡು ಸಲ ತಡಕಿದ. ಏನೂ ಇರಲಿಲ್ಲ.

ಹೊಸ ಬೂಟು ಬೇರೆ ಬೆಳಗಿನಿಂದ ಕಚ್ಚುತ್ತಿತ್ತು. ಬದುವಿನ ಮೇಲೆ ಕೂತು ಒಂದನ್ನು ಬಿಚ್ಚಿ ಕೋಲಿನ ಪಕ್ಕಕ್ಕಿಟ್ಟ. ಅಂಕಿ ಜಿಗಿಯಿತು. ಬೂಟನ್ನು ಎತ್ತಿದ, ಇಳಿಯಿತು. ತಳವನ್ನು ಬಗ್ಗಿಸಿ ನೋಡಿದರೆ ಒಳಗೆ ಉಕ್ಕಿನ ಪಟ್ಟಿ.

ಈ ಬೂಟು ಮಗಳು ತಂದದ್ದು. ಎಂಟು ತಿಂಗಳ ಹಿಂದಿನವರೆಗೆ, ಅಂದರೆ ಹೆಂಡತಿ ಇರುವವರೆಗೆ, ಬೂಟಿನ ಖಾತೆ ಅವಳದಾಗಿತ್ತು. ಆ ಮೊದಲ ವರ್ಷ, ಬೂಟಿನ ಮೊಳೆಯಿಂದ ಒಂದು ಹೊಲವೇ ಕೆಟ್ಟಿತೆಂದು ಊಟಕ್ಕೆ ಕೂತಾಗ ಗೊಣಗಿದ್ದ, ಆಮೇಲೆ ಮರೆತೂಬಿಟ್ಟಿದ್ದ. ಅವಳು ಮರೆಯಲಿಲ್ಲ. ಅಂಗಡಿಗೆ ಹೋದಾಗಲೆಲ್ಲ ಪರ್ಸಿನಿಂದ ಏನೋ ತೆಗೆದು ಒಂದೊಂದೇ ಬೂಟಿನ ತಳಕ್ಕೆ ಹಿಡಿಯುತ್ತಿದ್ದಳು.

"ಬೂಟಿಗೆ ಜ್ವರ ಬಂದಿದೆಯಾ ಅಮ್ಮಾ?" ಎಂದು ಅಂಗಡಿಯವನು ನಗುತ್ತಿದ್ದ. ಕೋಲಣ್ಣನೂ ಜೊತೆಗೆ ನಗುತ್ತಿದ್ದ, ಬೇಗ ಮುಗಿಸೇ ಎಂದು ಗದರುತ್ತಿದ್ದ. ಅದೇನು ಎಂದು ಒಂದು ದಿನವೂ ಕೇಳಿರಲಿಲ್ಲ, ದಡ್ಡ.

ಈಗ ಇನ್ನೊಂದು ಬೂಟನ್ನೂ ಬಿಚ್ಚಿಟ್ಟು ಬರಿಗಾಲಲ್ಲೇ ಇಡೀ ಹೊಲ ನಡೆದ. ಅಂಕಿ ತೆಪ್ಪಗೆ ಕೂತಿತ್ತು.

"ಏನು ಮಾಡಿದ್ರಿ ಕೋಲಣ್ಣ?"

"ಏನಿಲ್ಲ ಮೇಡಂ. ನಮ್ಮನೆಯವಳು ಇರ್ಲಿಲ್ಲ, ಅದಕ್ಕೇ ಹಾಗಾಗಿತ್ತು." ಬೂಟುಗಳನ್ನು ಕೈಯಲ್ಲಿ ಹಿಡಿದು ಜೀಪಿನ ಕಡೆ ನಡೆದ.

ಅವಳು ಬೂಟಿನ ತಳಕ್ಕೆ ಹಿಡಿಯುತ್ತಿದ್ದದ್ದು ಆ ಸಂಜೆ ಅವಳ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು: ಹಳೇ ರೇಡಿಯೊದಿಂದ ಬಿಚ್ಚಿದ ಅಯಸ್ಕಾಂತ. ಅದಕ್ಕೆ ಎರಡು ಸೂಜಿ ಅಂಟಿಕೊಂಡಿದ್ದವು.

ನಿವೃತ್ತಿಯಾದ ಮರುದಿನ ಕೋಲಣ್ಣ ಮಗಳೊಂದಿಗೆ ಅದೇ ಅಂಗಡಿಗೆ ಹೋದ.

"ಇನ್ನು ಯಾವ ಹೊಲಕ್ಕೆ ಹೋಗ್ಬೇಕು ಅಪ್ಪಾ? ಯಾವುದೋ ಒಂದು ತಗೊಂಡ್ರಾಯ್ತಪ್ಪ."

ಅವನು ಒಂದೊಂದೇ ಬೂಟಿನ ತಳಕ್ಕೆ ಅಯಸ್ಕಾಂತ ಹಿಡಿಯುತ್ತ ಹೋದ. ಅಂಗಡಿಯವನು ಈ ಸಲ ನಗಲಿಲ್ಲ. ಒಂದು ಸ್ಟೂಲು ತಂದಿಟ್ಟ. ಎಂಟನೇ ಜೋಡಿಗೆ ಅದು ಅಂಟಲಿಲ್ಲ.

"ಇದನ್ನ ಕೊಡಪ್ಪಾ," ಎಂದ ಕೋಲಣ್ಣ. "ಇದಾದ್ರೆ ಅವಳು ಒಪ್ತಾಳೆ."