ಸೋಮವಾರ ಬರ್ರಿ ಎಂದವಳು ನಾನು

ನೀಲವ್ವ, ಸಾಹೇಬರು ಸೋಮವಾರ ಬಂದದ್ದು ನಿಮ್ಮ ಹಣೆಬರಹದಿಂದಲ್ಲ. ಆ ದಿನವೇ ಬರಲಿ ಎಂದು ಹೇಳಿ ಕರೆಸಿದವಳು ನಾನು.

ಇಷ್ಟು ಬರೆಯುವುದಕ್ಕೆ ಅರ್ಧ ಆಯುಷ್ಯ ಬೇಕಾಯಿತು. ಬರೆದ ಮೇಲೆ ನೋಡಿದರೆ ಎರಡೇ ಸಾಲು — ಇಲ್ಲಿಗೇ ನಿಲ್ಲಿಸಿಬಿಡಬಹುದಿತ್ತು. ಆದರೆ ನೀನು ಯಾಕೆ ಎಂದು ಕೇಳುತ್ತೀಯ. ಸಣ್ಣವಳಿದ್ದಾಗಿನಿಂದಲೂ ನಿನಗೆ ಎಲ್ಲದಕ್ಕೂ 'ಯಾಕ್ರಿ ಅಕ್ಕೋರ' ಎನ್ನುವ ಚಟ. ಅದಕ್ಕೇ ಮುಂದೆ ಬರೆಯುತ್ತಿದ್ದೇನೆ.

ನಾನು ಯಂಕಂಚಿಗೆ ಗ್ರಾಮಸೇವಿಕೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ನನ್ನೂರು ನಾಲತವಾಡ. ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡ. ತವರಿಗೆ ಬಂದು ಕುಳಿತವಳಿಗೆ ಅಪ್ಪ ಹಟ ಹಿಡಿದು ಮ್ಯಾಟ್ರಿಕ್ ಕಟ್ಟಿಸಿದ, ನೌಕರಿ ಸಿಕ್ಕಿತು. ಊರಿನವರು ನನಗೆ ಮರ್ಯಾದೆ ಕೊಟ್ಟರು — ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟರು. ಮರ್ಯಾದೆ ಕೊಡುವವರು ಹತ್ತಿರ ಬಂದು ಕೂರುವುದಿಲ್ಲ, ಅದು ನನಗೆ ಆಮೇಲೆ ತಿಳಿಯಿತು. ಕಟ್ಟೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ ಹೆಂಗಸರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಿಸಲು ನನಗೊಂದು ಬೆಕ್ಕಿತ್ತು. ಅದಕ್ಕೂ ಹೋಗಲು ಬೇರೆ ಮನೆಗಳಿದ್ದವು.

ಬಾಲವಾಡಿ ಕಟ್ಟಿದವಳು ನಾನು ಎಂದು ಕಚೇರಿಯಲ್ಲಿ ಹೊಗಳಿಸಿಕೊಂಡಿದ್ದೇನೆ, ಅದೂ ಸುಳ್ಳು. ಅದನ್ನು ಕಟ್ಟಿದ್ದು ನಿಮ್ಮವ್ವ ಗಂಗವ್ವ ಮತ್ತು ಮಹಿಳಾ ಮಂಡಳದ ನಾಲ್ಕಾರು ಹೆಂಗಸರು. ಊರ ಹೊರಗಿನ ಹಣಮಂದೇವರ ಗುಡಿಯ ಅಂಗಳ, ಬೇವಿನ ಟೊಂಗೆಗೆ ಕಟ್ಟಿದ ಹಳೆಯ ಸೀರೆಯ ಜೋಳಿಗೆಗಳು — ಅಷ್ಟೇ ಬಾಲವಾಡಿ. ದಿನಕ್ಕೊಬ್ಬ ತಾಯಿ ಪಾಳಿಯ ಮೇಲೆ ಹೊಲದ ಕೂಲಿ ಬಿಟ್ಟು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳಬೇಕು. ಉಳಿದವರು ಮನೆಗೊಂದು ಬೊಗಸೆ ಜೋಳ ಕೊಡಬೇಕು, ಅದರ ಅಂಬಲಿ ಮಕ್ಕಳಿಗೆ. ಕೂಸುಗಳು ಗುಡಿಯಲ್ಲಿ ಇರುತ್ತಿದ್ದವು, ಹಾಗಾಗಿ ಅವುಗಳ ಅಕ್ಕಂದಿರು ಸಾಲಿಗೆ ಹೋಗುತ್ತಿದ್ದರು. ನೀನೂ ಹೋಗುತ್ತಿದ್ದೆ. ತಮ್ಮ ಮಲ್ಲುವನ್ನು ಕಂಕುಳಿಂದ ಇಳಿಸಿದ್ದೇ ತಡ, ಬರೆಯುವ ಪಾಟಿ ಎತ್ತಿಕೊಂಡು ಹಿಂದೆ ನೋಡದೆ ಓಡುತ್ತಿದ್ದೆ.

ಬಾಲವಾಡಿಗೆ ಸೂಟಿ ಮಾತ್ರ ರವಿವಾರವಲ್ಲ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಎಂದರೆ ಆಳಿಗೂ ಬಿಡುವು, ಅವ್ವಂದಿರು ಮನೆಯಲ್ಲೇ ಇರುತ್ತಿದ್ದರು. ಅವರು ಮನೆಯಲ್ಲಿದ್ದ ಮೇಲೆ ಬಾಲವಾಡಿ ಯಾಕೆ ಬೇಕು? ರವಿವಾರ ತೆರೆದು ಸೋಮವಾರ ಮುಚ್ಚುವ ಬಾಲವಾಡಿ ಬೇರೆಲ್ಲಿಯಾದರೂ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮಗೆ ಅದು ಸೂರ್ಯ ಹುಟ್ಟಿದಷ್ಟು ಸಹಜವಾಗಿತ್ತು.

ನನ್ನ ನೌಕರಿಯ ಲೆಕ್ಕದಲ್ಲಿ ನಾನು ಅಲ್ಲಿಗೆ ಆಗೀಗ ಭೇಟಿ ಕೊಟ್ಟರೆ ಸಾಕಿತ್ತು. ದಿನಾ ಹೋಗುತ್ತಿದ್ದೆ. ಹಾಡು ಹೇಳಿಕೊಡುತ್ತೇನೆ ಎಂದು ನೆಪ — ನನ್ನ ದನಿ ನಿನಗೆ ಗೊತ್ತಲ್ಲ, ಬೇವಿನ ಮೇಲಿನ ಕಾಗೆಗಳೇ ಎದ್ದು ಹೋಗುತ್ತಿದ್ದವು. ಆದರೂ ಮಕ್ಕಳು ಬಂದು ಮೈಮೇಲೆ ಬೀಳುತ್ತಿದ್ದರು. ಮಕ್ಕಳಿಗೆ ಮರ್ಯಾದೆ ಕೊಡಲು ಬರುವುದಿಲ್ಲ. ಮಲ್ಲು ನನ್ನ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದ. ಆ ಒದ್ದೆ ಸೆರಗನ್ನು ನಾನು ಮನೆಗೆ ಬಂದು ಕೂಡಲೇ ಒಗೆಯುತ್ತಿರಲಿಲ್ಲ.

ಆಗಲೇ ಸರಕಾರ ಹೆಂಗಸರ ಮಂಡಳಗಳು ನಡೆಸುವ ಬಾಲವಾಡಿಗಳಿಗೆ ಅನುದಾನ ಕೊಡಲು ಮುಂದೆ ಬಂತು. ಮಕ್ಕಳಿಗೆ ಹಾಲಿನ ಪುಡಿ, ಆಟದ ಸಾಮಾನು, ಎಲ್ಲಕ್ಕಿಂತ ಹೆಚ್ಚಾಗಿ ಸಂಬಳದ ಮೇಲೆ ಒಬ್ಬ ಬಾಲಸೇವಿಕೆ. ಅಂದರೆ ಯಾವ ತಾಯಿಯೂ ಪಾಳಿಗಾಗಿ ಕೂಲಿ ಬಿಡಬೇಕಾಗಿಲ್ಲ. ಗಂಗವ್ವನಿಗೆ ಎಷ್ಟು ಖುಷಿಯಾಗಿತ್ತೆಂದರೆ, ಗುಡಿಯ ಗೋಡೆಗೆ ತಾನೇ ಸುಣ್ಣ ಬಳಿದಳು. ಅರ್ಜಿ ನಾನೇ ಬರೆದುಕೊಟ್ಟೆ. ಮನಸಾರೆ ಬರೆದುಕೊಟ್ಟೆ — ಅಲ್ಲಿಯವರೆಗೆ ನನ್ನಲ್ಲಿ ಕಪಟ ಇರಲಿಲ್ಲ.

ಸಿಂದಗಿಯಲ್ಲಿ ತಿಂಗಳ ಸಭೆ ಮುಗಿದ ಮೇಲೆ ನಮ್ಮ ಮುಖ್ಯಸೇವಿಕೆ ನನ್ನನ್ನು ಕರೆದು, ಶುಭಸಮಾಚಾರ ಹೇಳುವ ಹಾಗೆ ಹೇಳಿದರು. "ಅನುದಾನ ಬಂತಂದ್ರ ತರಬೇತಿ ಆದಾಕಿ ಬರ್ತಾಳ. ನಿಮಗ ಅಲ್ಲೇನೂ ಕೆಲಸ ಉಳಿಯೂದಿಲ್ಲ. ಕನ್ನೊಳ್ಳಿಗೆ ಹಾಕ್ತೇವಿ, ಆರಾಮ ಇರ್ರಿ." ನಾನು ನಕ್ಕೆ. ಅವರು ಮುಂದುವರಿದು, "ಅದಕ್ಕಿಂತ ಮೊದಲ ಮ್ಯಾಲಿನ ಸಾಹೇಬ್ರು ಒಂದ್ಸಲ ನೋಡಿ ಹೋಗ್ತಾರ. ಯಾವ ವಾರ ಬರ್ಲಿ?" ಎಂದು ಕೇಳಿದರು.

"ಸೋಮವಾರ ಬರ್ರಿ ಅಂತ ಹೇಳ್ರಿ" ಎಂದೆ.

ಬಾಯಿ ತಪ್ಪಿ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬಾಯಿ ತಪ್ಪಿದ್ದರೆ ಊರಿಗೆ ಬಂದು ನಿಮ್ಮವ್ವನಿಗೆ, ಈ ಸೋಮವಾರ ಒಂದು ದಿನ ತೆರೆಯಿರಿ, ಸಾಹೇಬರು ಬರುತ್ತಾರೆ ಎಂದು ಹೇಳಬಹುದಿತ್ತಲ್ಲ. ನಡುವೆ ಬೇಕಾದಷ್ಟು ದಿನ ಇದ್ದವು. ಅವಳ ಪಾಳಿಯ ದಿನ ಅವಳ ಎದುರೇ ಕೂತು ಮಲ್ಲುವನ್ನು ತಟ್ಟಿ ಮಲಗಿಸಿದೆ. ಹೇಳಲಿಲ್ಲ.

ಆ ದಿನ ನಿನಗೆ ನೆನಪಿದೆ, ನನಗೆ ಗೊತ್ತು. ಹೆಂಗಸರೆಲ್ಲ ಹೊದೆಯುವ ಕೌದಿ ಒಗೆಯಲು ಹಳ್ಳಕ್ಕೆ ಹೋಗಿದ್ದರು. ಜೋಳಿಗೆಯ ಸೀರೆಗಳನ್ನೂ ಬಿಚ್ಚಿ ಒಯ್ದಿದ್ದರು. ಸುಣ್ಣ ಬಳಿದ ಗೋಡೆ, ಖಾಲಿ ಅಂಗಳ, ಮತ್ತು ನಾನು. ಸಾಹೇಬರು ಮೈಸೂರಿನ ಕಡೆಯವರು, ಕೆಟ್ಟವರಲ್ಲ. ಸುತ್ತಲೂ ನೋಡಿ, "ಏನಮ್ಮ ಇದು, ಒಂದು ಮಗುವೂ ಇಲ್ಲವಲ್ಲ?" ಎಂದರು. ಅಷ್ಟರಲ್ಲಿ ಸಾಲಿ ಊಟಕ್ಕೆ ಬಿಟ್ಟಿತ್ತು, ಜೀಪು ನೋಡಲು ನೀನು ಓಡಿ ಬಂದೆ. ಅವರು ಬಗ್ಗಿ ನಿನ್ನನ್ನೇ ಕೇಳಿದರು — ಇಲ್ಲಿ ಬಾಲವಾಡಿ ನಡೆಯುತ್ತಾ ಪುಟ್ಟಿ? ಇವತ್ತು ಯಾಕಿಲ್ಲ?

"ಇವತ್ತ ಸೋಮವಾರ ಐತಲ್ರಿ!" ಎಂದೆ ನೀನು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.

ಅವರಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದರು. ಆಗಲೂ ಕಾಲ ಮಿಂಚಿರಲಿಲ್ಲ, ನೀಲವ್ವ. ಎತ್ತು, ನೊಗ, ಬಿಡುವು — ಮೂರು ಮಾತಿನಲ್ಲಿ ತಿಳಿಸಬಹುದಿತ್ತು. ನಾನು ಹೇಳಿದ್ದು ಇದು: "ಸಣ್ಣ ಹುಡುಗಿ ರೀ, ಏನರೆ ಅಂತಾಳ. ಇದು ನಿಂತು ಭಾಳ ದಿನ ಆತ್ರಿ."

ನೀನು ನನ್ನ ಕಡೆ ನೋಡಿದೆ. 'ಯಾಕ್ರಿ ಅಕ್ಕೋರ' ಎಂದು ಕೇಳಲಿಲ್ಲ. ನಿನ್ನ ಬಾಯಲ್ಲಿ ಆ ಮಾತು ಬಾರದೆ ಇದ್ದದ್ದು ಅದೇ ಮೊದಲು.

ಅನುದಾನ ಬೇರೆ ಊರಿಗೆ ಹೋಯಿತು. ಸುದ್ದಿ ಬಂದ ದಿನ ನಾನು ಮನೆಯಲ್ಲಿ ಕೂತು ಅತ್ತದ್ದು ನಿಜ, ಯಾಕೆ ಅತ್ತೆನೋ ದೇವರಿಗೇ ಗೊತ್ತು. ನಿಮ್ಮವ್ವ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ನನಗೇ ಸಮಾಧಾನ ಹೇಳಿದಳು. "ನಮ್ಮ ಹಣೇಬರಾ ಅಕ್ಕೋರ. ಏಳು ವಾರದಾಗ ಸೋಮವಾರನ ಬರಬೇಕಾ ಆ ಮನಷ್ಯಾ? ನೀವ್ಯಾಕ ಅಳ್ತೀರಿ, ಉಣ್ಣರಿ." ಅಲ್ಲಿಯವರೆಗೆ ಆ ಊರಿನಲ್ಲಿ ಯಾರೂ ನನ್ನ ಪಕ್ಕದಲ್ಲಿ, ನೆಲದ ಮೇಲೆ, ಭುಜಕ್ಕೆ ಭುಜ ತಾಗಿಸಿ ಕೂತಿರಲಿಲ್ಲ. ಆ ರೊಟ್ಟಿ ತಿಂದೆ. ಅದೇ ಹೊತ್ತಿನಲ್ಲಿ ಹೇಳಿಬಿಡಬೇಕಿತ್ತು — ಆದರೆ ಹೇಳಿದರೆ ಅವಳು ಎದ್ದು ಹೋಗುತ್ತಿದ್ದಳು.

ಸುಗ್ಗಿ ಬಂತು. ಕೈತುಂಬ ಕೆಲಸವಿರುವ ದಿನಗಳಲ್ಲಿ ಕೂಲಿ ಬಿಟ್ಟು ಪಾಳಿಗೆ ಕೂರುವವರು ಯಾರು? ಅನುದಾನದ ಆಸೆಯಿಂದ ಇಷ್ಟು ದಿನ ತಡೆದುಕೊಂಡಿದ್ದರು, ಆ ಆಸೆಯೂ ಹೋಗಿತ್ತು. ಮೊದಲು ಒಬ್ಬಳು ತಪ್ಪಿಸಿದಳು, ಆಮೇಲೆ ಇನ್ನೊಬ್ಬಳು. ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಎಂದು ಹಟ ಮಾಡಿ ಕೆಲವು ದಿನ ಒದ್ದಾಡಿದೆ, ಕಚೇರಿಯಿಂದ ಬೈಸಿಕೊಂಡೆ. ಅಲ್ಲಿಗೆ ಬಾಲವಾಡಿ ನಿಂತಿತು. ನಾನು ಸಾಹೇಬರಿಗೆ ಹೇಳಿದ ಸುಳ್ಳು ನಿಜವಾಗಿ ಕೂತಿತು.

ಮಲ್ಲು ಮತ್ತೆ ನಿನ್ನ ಕಂಕುಳಿಗೆ ಬಂದ. ಒಂದು ದಿನ ನಿಮ್ಮ ಮನೆಗೆ ಬಂದಾಗ ನಿನ್ನ ಪಾಟಿ ಹಿಟ್ಟಿನ ಗಡಿಗೆಯ ಮೇಲೆ ಮುಚ್ಚಳವಾಗಿತ್ತು. ಅದರ ಮೇಲೆ ನೀನು ಬರೆದ ಅಕ್ಷರ ಇನ್ನೂ ಅರ್ಧ ಕಾಣುತ್ತಿತ್ತು. ನಾನು ನೋಡಿದೆ, ಚಹಾ ಕುಡಿದೆ, ಎದ್ದು ಬಂದೆ. ಮರುವರ್ಷ ನನ್ನನ್ನು ಕನ್ನೊಳ್ಳಿಗೇ ಹಾಕಿದರು. ಯಾವುದನ್ನು ತಪ್ಪಿಸಿಕೊಳ್ಳಲು ಇಷ್ಟೆಲ್ಲ ಮಾಡಿದೆನೋ ಅದೂ ತಪ್ಪಲಿಲ್ಲ.

ಈಗ ಮುದ್ದೇಬಿಹಾಳದಲ್ಲಿ ಒಂದು ಕೋಣೆಯ ಮನೆ, ಪಿಂಚಣಿ, ಬೇರೊಂದು ಬೆಕ್ಕು. ಇದನ್ನು ಬರೆಯದೆಯೇ ಸಾಯುತ್ತಿದ್ದೆನೇನೋ. ಆದರೆ ಹೋದ ತಿಂಗಳು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಕೈ ಹಿಡಿದರು. "ಅಕ್ಕೋರ, ಈ ಬೋರ್ಡ್ ಏನೈತಿ ಓದಿ ಹೇಳ್ರಿ" ಎನ್ನುತ್ತ ಮುಖ ನೋಡಿ, "ಅಯ್ಯ, ನೀವ ಅಲ್ರಿ!" ಎಂದವಳು ನೀನು. ನಿನ್ನ ತಲೆಯೂ ಹಣ್ಣಾಗಿತ್ತು. ನೀನು ಮಲ್ಲುವಿನ ಸುದ್ದಿ ಹೇಳಿದೆ, ಅವ್ವ ತೀರಿಕೊಂಡದ್ದು ಹೇಳಿದೆ, ಮೊಮ್ಮಗಳು ಸಾಲಿಯಲ್ಲಿ ಎಲ್ಲರಿಗಿಂತ ಮುಂದೆ ಎಂದು ಹೇಳಿದೆ. ಆಮೇಲೆ ನಗುತ್ತಲೇ ಇನ್ನೊಂದು ಮಾತು ಹೇಳಿದೆ.

"ನಾ ಬಾಯಿ ಮುಚ್ಚಿಕೊಂಡ ಇದ್ದಿದ್ರ ಆ ಬಾಲವಾಡಿ ಉಳೀತಿತ್ರಿ. ಸೋಮವಾರ ಅಂದಿದ್ದಕ್ಕ ಸಾಹೇಬಗ ಸಿಟ್ಟು ಬಂತು. ಅವ್ವಗ ಸಾಯೂತನಕ ಹೇಳ್ಲಿಲ್ರಿ ನಾ."

ನೀಲವ್ವ — ಅಷ್ಟು ವರ್ಷ —

ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಬಸ್ಸು ಬಂತು. ಇಲ್ಲ, ಬಸ್ಸಿನ ಮೇಲೆ ಹಾಕಬಾರದು. ಅದು ಬಂದು ಬಹಳ ಹೊತ್ತು ನಿಂತಿತ್ತು. ನಾನು ಬೋರ್ಡು ಓದಿ ಹೇಳಿದೆ, ನೀನು ಹತ್ತಿದೆ, ಕಿಟಕಿಯಿಂದ ಕೈ ಬೀಸಿದೆ.

ಆ ದಿನ ನಿಜ ಹೇಳಿದವಳು ನೀನೊಬ್ಬಳೇ. ಸಾಹೇಬರಿಗೆ ಸಿಟ್ಟು ಬಂದಿರಲಿಲ್ಲ. ನಿನ್ನ ತಪ್ಪು ಮುಚ್ಚಲು ನಾನು ಹಾಗೆ ಅಂದೆ ಎಂದುಕೊಂಡಿದ್ದೆಯೇನೋ. ನಿನ್ನ ಮಾತನ್ನು ನಂಬಬೇಡಿ ಎಂದು ನಾನು ಹೇಳಿದೆ, ಅವರು ನನ್ನನ್ನು ನಂಬಿದರು. ನಡೆದದ್ದು ಇಷ್ಟೇ. ನನ್ನ ಒಂಟಿತನದ ಬಗ್ಗೆ ಬರೆದೆನಲ್ಲ, ಅದನ್ನು ಕಾರಣವೆಂದು ನೀನು ಲೆಕ್ಕಕ್ಕೆ ಹಿಡಿಯಬೇಡ. ಒಂಟಿಯಾಗಿದ್ದವರೆಲ್ಲ ಹೀಗೆ ಮಾಡುವುದಿಲ್ಲ.

ಇದನ್ನು ಅಂಚೆಗೆ ಹಾಕೋಣವೆಂದು ಲಕೋಟೆ ತಂದಿಟ್ಟಿದ್ದೆ. ನಿನ್ನ ಮೊಮ್ಮಗಳು ಓದಿ ಹೇಳುತ್ತಾಳೆ ಎಂದುಕೊಂಡೆ. ಆಮೇಲೆ ನನಗೇ ನಾಚಿಕೆಯಾಯಿತು. ನನ್ನ ಹೊರೆಯನ್ನು ಸಣ್ಣ ಹುಡುಗಿಯೊಬ್ಬಳ ಕಂಕುಳಿಗೆ ಏರಿಸಿದ್ದು ಒಂದು ಸಲ ಸಾಕು. ನಾನೇ ಬಂದು, ನಿನ್ನ ಎದುರು ನೆಲದ ಮೇಲೆ ಕೂತು ಓದುತ್ತೇನೆ. ಕೇಳಿದ ಮೇಲೆ ನೀನು ಎದ್ದು ಹೋದರೆ ಹೋಗು.

ಸೋಮವಾರ ಬರುತ್ತೇನೆ. ಸೋಮವಾರ ನೀನು ಮನೆಯಲ್ಲೇ ಇರುತ್ತೀಯ ಎಂದು ನನಗೆ ಗೊತ್ತು. ಆಗಲೂ ಗೊತ್ತಿತ್ತು.