ಸೀಟಿನ ಹಿಂದಿನ ಎರಡು ತೂತು

ತಮ್ಮನ ಮಗ ಸ್ಪೀಕರಿನ ಪೆಟ್ಟಿಗೆ ಬಿಚ್ಚಿದಾಗ ಹೊಸ ರೆಕ್ಸಿನ್ ಮತ್ತು ಅಂಟಿನ ವಾಸನೆ ಮೂಗಿಗೆ ಹೊಡೆಯಿತು. ತಿಂಡಿ ಮುಗಿಸಿ, ಕಾಫಿ ಲೋಟ ಹಿಡಿದು ಕೊಳ್ಳೇಗಾಲದ ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಬಂದಿದ್ದೆ. ಅಪ್ಪನ ಕಾಲದ ಲಾರಿಯನ್ನು ಅವನು ಒಂದು ವರ್ಷದಿಂದ ರಿಪೇರಿ ಮಾಡಿಸುತ್ತಿದ್ದ. ಬಣ್ಣ ಆಗಿತ್ತು, ಸೀಟು ಆಗಿತ್ತು. ಸ್ಪೀಕರ್ ಒಂದು ಬಾಕಿ.

"ಡೋರ್ ಕೊರೆದ್ರೆ ಹಳೇ ತಗಡು ಹಾಳಾಯ್ತದೆ ಅತ್ತೆ. ಸೀಟಿನ ಹಿಂದ್ಗಡೆ ಹಲಗೇಲಿ ತಾತ ಕೊರ್ಸಿರೋ ಎರಡು ತೂತು ಅಂಗೇ ಅವೆ. ಅಲ್ಲೇ ಕೂರಿಸ್ಬುಡ್ತೀನಿ" ಎಂದ.

"ಅಲ್ಲಿ ಬೇಡ. ಕಿವಿ ಪಕ್ಕದಲ್ಲೇ ಹಾಡು ಇದ್ರೆ ಲಾರಿ ಹಿಂದೆ ನಿಂತೋರು ತಟ್ಟೋದು ಕೇಳ್ಸಲ್ಲ. ನಮ್ಮ ಕ್ಲೀನರ್ ಕಾಲು ಹೋಗಿದ್ದು ಅದ್ರಿಂದಲೇ."

ಅವನು ನಕ್ಕ. "ಓ, ಆ ಕುಡುಕ ಕ್ಲೀನರಾ? ಟೈಟಾಗಿ ಲಾರಿ ಹಿಂದೆ ತೂಕಡಿಸ್ತಾ ನಿಂತಿದ್ನಂತಲ್ಲ! ತಾತ ಯೋಳ್ಕಂಡು ಯೋಳ್ಕಂಡು ನಗೋರು."

ಲೋಟವನ್ನು ಬಾನೆಟ್ಟಿನ ಮೇಲೆ ಕುಕ್ಕಿದೆ. ಹೊಸ ಬಣ್ಣದ ಮೇಲೆ ಕಾಫಿ ಚೆಲ್ಲಿತು. ಚೆಲ್ಲಲಿ.

ಕ್ಲೀನರಣ್ಣ ಅಪ್ಪನಿಗಿಂತ ಕೆಲವೇ ವರ್ಷ ಚಿಕ್ಕವನು. ಲಾರಿ ಓಡಿಸುತ್ತಿದ್ದವನು ಅಪ್ಪ, ಹಿಂದೆ ನಿಂತು ದಾರಿ ಹೇಳುತ್ತಿದ್ದವನು ಅವನು. ಎಂಜಿನ್ನಿನ ಗದ್ದಲದಲ್ಲಿ ಕೂಗು ಕೇಳುವುದಿಲ್ಲವೆಂದು ಅಂಗೈಯಿಂದ ಲಾರಿಯ ಹಲಗೆ ತಟ್ಟುತ್ತಿದ್ದ. ಒಂದು ಏಟಿಗೆ ನಿಲ್ಲಬೇಕು, ಎರಡು ಏಟಿಗೆ ಹೊರಡಬೇಕು. ನಾನು ನರ್ಸಿಂಗ್ ಓದಲು ಹೊರಟ ದಿನ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿಗೆ ಏರಿಸಿದವನೂ ಅವನೇ. "ಸೂಜಿ ಚುಚ್ಚೋದ್ ಚೆಂದಾಗಿ ಕಲ್ತ್ಕಂಡ್ ಬಾರವ್ವ. ಮೊದ್ಲು ನಿಮ್ಮಪ್ಪಾರ್ಗೇ ಚುಚ್ಚು" ಎಂದು ಅಪ್ಪನ ಎದುರಿಗೇ ಹೇಳಿದ್ದ. ಆಗ ಅಪ್ಪ ನಕ್ಕಿದ್ದ...

ಅಪ್ಪ ಲಾರಿಗೆ ಟೇಪ್ ರೆಕಾರ್ಡರ್ ಹಾಕಿಸಿದ್ದು ಯಳಂದೂರಿನ ಒಂದು ಅಂಗಡಿಯಲ್ಲಿ. ಆಗ ನಾನು ಕೆಲಸಕ್ಕೆ ಸೇರಿ ಆಗಿತ್ತು. ರಜೆಗೆ ಬಂದವಳು ಕ್ಯಾಬಿನ್ನಿನಲ್ಲಿ ಕೂತಿದ್ದೆ. ಅಂಗಡಿಯವನು ಸ್ಪೀಕರ್ ಎಲ್ಲಿಗೆ ಎಂದು ಕೇಳಿದ. ಅಪ್ಪ ತನ್ನ ತಲೆಯ ಹಿಂದಿನ ಹಲಗೆ ತೋರಿಸಿದ.

"ಅಲ್ಲಿ ಬ್ಯಾಡಿ ಬುದ್ದಿ" ಎಂದ ಕ್ಲೀನರಣ್ಣ. "ಕಾಲ್ತಾವ ಮಡಗ್ಸಿ. ಹಿಂದ್ಗಡೆ ಆದ್ರೆ ನಾ ತಟ್ಟೋದು ನಿಮ್ಗೆ ಕೇಳ್ಸಕಿಲ್ಲ."

"ನನ್ ಕಾಲಲ್ಲಿ ಕಿವಿ ಅವಾ? ನಿನ್ ಡೋಲು ಕೇಳಕೆ ನಾನು ಲಾರಿ ತಕಂಡಿಲ್ಲ ಕಣ್ಲಾ!"

ಅಂಗಡಿಯವನು ನಗುತ್ತಲೇ ಹಲಗೆ ಕೊರೆದ. ಕ್ಲೀನರಣ್ಣ ಮರದ ಪುಡಿ ಗುಡಿಸಿದ.

ತಿಂಗಳು ತುಂಬಿರಲಿಲ್ಲ. ಹನೂರಿನಲ್ಲಿ ಒಂದು ಗೋದಾಮಿಗೆ ಲಾರಿ ರಿವರ್ಸ್ ಹೋಗುತ್ತಿತ್ತು. ಕ್ಯಾಬಿನ್ನಿನಲ್ಲಿ ಹಾಡು. ಹಿಂದೆ ಅವನು ತಟ್ಟಿದ, ಕೂಗಿದ, ಮತ್ತೆ ತಟ್ಟಿದ. ಗೋಡೆಗೂ ಲಾರಿಗೂ ನಡುವೆ ಅವನ ಬಲಗಾಲು ಸಿಕ್ಕಿತು.

ಅವನನ್ನು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ತಂದರು. ಅಂದು ನನ್ನದೇ ಡ್ಯೂಟಿ. ಅವನ ತಲೆಯನ್ನು ನನ್ನ ತೋಳಿನ ಮೇಲಿಟ್ಟುಕೊಂಡು ತುಟಿ ಒದ್ದೆ ಮಾಡಿದೆ. ಬಾಯಲ್ಲಿ ಬೆಳಗ್ಗೆ ತಿಂದ ಈರುಳ್ಳಿಯ ವಾಸನೆ ಇತ್ತು, ಹೆಂಡದ್ದಲ್ಲ. "ನಾ ತಟ್ಟ್ದಿ ಕಣವ್ವ, ಕೈ ನೋಯೋ ಅಂಗೆ ತಟ್ಟ್ದಿ" ಎಂದ. ಹೊರಗೆ ಬಂದರೆ ಅಪ್ಪ ಜಗಲಿಯಲ್ಲಿ ನಿಂತು ನಾಲ್ಕು ಜನಕ್ಕೆ ಹೇಳುತ್ತಿದ್ದ: "ಕುಡ್ದಿದ್ದ ಕಣ್ರಿ. ನಾನೇನ್ ಮಾಡ್ಲಿ?"

"ಅವನು ಕುಡಿದಿಲ್ಲ ಅಪ್ಪ. ನಾನೇ ನೋಡಿದೀನಿ" ಎಂದು ಅವರೆಲ್ಲರ ಎದುರಿಗೇ ಹೇಳಿದೆ.

"ಒಳಕ್ ಓಗಿ ನಿನ್ ಕೆಲ್ಸ ನೋಡು" ಎಂದ ಅಪ್ಪ. ನಾಲ್ಕು ಜನವೂ ಲಾರಿ ಮಾಲೀಕನ ಮಾತನ್ನೇ ನಂಬಿದರು. ನಂಬಿದವರು ಊರೂರಿಗೆ ಹಂಚಿದರು. ಮಂಡಿಯಿಂದ ಕೆಳಗೆ ಕಾಲು ತೆಗೆದ ಮೇಲೆ, ಕೂತು ಮಾಡುವ ಕಾವಲು ಕೆಲಸ ಕೇಳಿಕೊಂಡು ಅವನು ಎಷ್ಟೋ ಕಡೆ ಹೋದ. ಕುಡುಕನಿಗೆ ಯಾರು ಗೋದಾಮು ಒಪ್ಪಿಸುತ್ತಾರೆ? ಹೆಂಡತಿ ಕೂಲಿ ಮಾಡಿ ಸಾಕಿದಳು. ಮನೆಯಲ್ಲಿ ನಾನು ಎಷ್ಟು ಸಲ ಜಗಳವಾಡಿದೆನೋ... ಪ್ರತಿ ಸಲವೂ ಅಪ್ಪ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಈಗ ಅಪ್ಪನೂ ಇಲ್ಲ. ಹೋದ ವರ್ಷ ಕ್ಲೀನರಣ್ಣನೂ ತೀರಿಕೊಂಡ. ಸುಳ್ಳು ಮಾತ್ರ ಗಟ್ಟಿಮುಟ್ಟಾಗಿ ಬದುಕಿ, ನಲವತ್ತು ದಾಟಿದ ಮೊಮ್ಮಗನ ಬಾಯಲ್ಲಿ ತಮಾಷೆಯಾಗಿ ಕೂತಿತ್ತು.

ಇದಿಷ್ಟನ್ನೂ ಶೆಡ್ಡಿನಲ್ಲಿ ನಿಂತೇ ಹೇಳಿದೆ. ಅವನು ಬಾನೆಟ್ಟಿನ ಮೇಲೆ ಚೆಲ್ಲಿದ ಕಾಫಿ ಒರೆಸುತ್ತಾ, "ಈಗ ಕ್ಲೀನರ್ ಯಾರೂ ಇರಲ್ಲ ಅತ್ತೆ, ಹಿಂದ್ಗಡೆ ಕ್ಯಾಮೆರಾ ಹಾಕಿಸ್ತೀನಿ" ಎಂದ.

"ಸ್ಪೀಕರ್ ನಿನ್ನ ತಲೆ ಮೇಲೆ ಬೇಕಾದ್ರೂ ಹಾಕ್ಕೊ. ಮೊದ್ಲು ಕಾರು ತೆಗಿ."

ಯಳಂದೂರಿನ ಹತ್ತಿರದ ಕ್ಲೀನರಣ್ಣನ ಊರಿಗೆ ಅವನನ್ನು ಕರೆದುಕೊಂಡು ಹೋದೆ. ಕ್ಲೀನರಣ್ಣನ ಹೆಂಡತಿ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಆಡಿಕೊಂಡು ಬಂದ ಮಾತು ಸುಳ್ಳು, ನಿನ್ನ ಗಂಡ ಅಂದು ಕುಡಿದಿರಲಿಲ್ಲ ಎಂದೆ. ತಮ್ಮನ ಮಗ ತಲೆ ತಗ್ಗಿಸಿ, "ತಪ್ಪಾಯ್ತು ಅಜ್ಜಿ" ಎಂದ.

"ನಿಂಗೇನ್ ಗೊತ್ತಿತ್ ಬುಡು ಮಗ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಕುಡ್ದಿರ್ನಿಲ್ಲ ಅನ್ನೋದು ನಂಗ್ ಗೊತ್ತಿಲ್ವಾ ಕಣವ್ವ? ಬುದ್ದ್ಯೋರು ಒಂದ್ ಕಿತ ಬಂದು, ನಿಂದ್ ತಪ್ಪಿಲ್ಲ ಕಣ್ಲಾ ಅಂದಿದ್ರೆ ಸಾಕಾಗಿತ್ತು. ಲಾರಿ ಸದ್ದಾದಾಗ್ಲೆಲ್ಲ ಕೋಲು ಊರ್ಕಂಡು ಬಾಕ್ಲಿಗ್ ಬರೋನು. ನಮ್ ಲಾರೀನೇ ಕಣಮ್ಮಿ, ಇವತ್ ನಿಲ್ಸ್ತರೆ ಅನ್ನೋನು."

ಆ ಬಾಗಿಲಿನಿಂದ ರಸ್ತೆ ಹತ್ತು ಮಾರು. ಕ್ಲೀನರಣ್ಣನ ಕಾಲು ಹೋದ ಮೇಲೂ ಅಪ್ಪ ಎಷ್ಟೋ ವರ್ಷ ಅದೇ ರಸ್ತೆಯಲ್ಲಿ ಲೋಡು ಹೊಡೆದ. ಹಾಡು ಹಾಕಿಕೊಂಡೇ.